ಮುಂದಿನ ಕಪ್ ಯಾರದೆಂದು ಫಕೀರ ನೋಡಿ ಬಂದದ್ದು

ಜಾಣರ ಕತೆ ಬೇಕಾದವರು ಬೇರೆ ಜಗಲಿ ನೋಡಿಕೊಳ್ಳಿ. ಇದು ಹಾಲಗುಂಡಿಯ ಫಕೀರನ ಕತೆ. ಹಾಗಂತ ಹಾಲಗುಂಡಿಯಲ್ಲಿ ಜಾಣರಿಗೆ ಬರವಿತ್ತು ಅಂತಲ್ಲ. ಜಾಣರು ಹೆಚ್ಚಾಗಿದ್ದದ್ದೇ ಆ ಊರಿನ ತಾಪತ್ರಯ.

ನೀವು ಇಲ್ಲಿಯವರು, ಚೆಂಡು ಅಂದರೆ ಬ್ಯಾಟು ಹುಡುಕುತ್ತೀರಿ. ನಮ್ಮ ಕಡೆ ಚೆಂಡು ಅಂದರೆ ಫುಟ್‌ಬಾಲು. ವರ್ಷಕ್ಕೊಮ್ಮೆ ದೇಶದ ಕಾಲೇಜುಗಳಿಗೆಲ್ಲ ಸೇರಿ ಒಂದು ಕಪ್. ಆಡುವವರು ಹನ್ನೊಂದು ಹನ್ನೊಂದು ಜನ. ಮುಂದಿನ ಕಪ್ ಯಾರದೆಂದು ಮೊದಲೇ ಹೇಳುವವರು ಮಾತ್ರ ಊರಿಗೆ ಊರೇ. ಕ್ಷೌರದಂಗಡಿ ಮೋನಪ್ಪನಂತೂ ಅರ್ಧ ಗಡ್ಡ ಹೆರೆದು, ಕತ್ತಿ ಎತ್ತಿ ಹಿಡಿದು ಭವಿಷ್ಯ ಹೇಳುತ್ತಿದ್ದ. ಗಿರಾಕಿ ಹೌದೆನ್ನದಿದ್ದರೆ ಉಳಿದರ್ಧ ಗಡ್ಡ ಹಾಗೇ ಉಳಿಯುತ್ತಿತ್ತು. ಒಬ್ಬರ ಮಾತೂ ನಿಜವಾಗುತ್ತಿರಲಿಲ್ಲ. ಪಂದ್ಯದ ಮರುದಿನ ಎಲ್ಲರೂ "ನಾ ಮೊದಲ ಹೇಳಿದ್ನಿಲ್ಲೋ" ಅನ್ನುತ್ತಿದ್ದರು.

ಈ ಜಾಣರಿಗೆಲ್ಲ ದೊಡ್ಡ ಜಾಣರು ಪರಪ್ಪ ಮಾಸ್ತರು. ಡ್ರಿಲ್ ಮಾಸ್ತರಿಕೆಯಿಂದ ನಿವೃತ್ತರಾದವರು, ಮೈದಾನ ಕಮಿಟಿಗೆ ಅಧ್ಯಕ್ಷರು, ಊರಿನ ವಾರಪತ್ರಿಕೆಗೆ ಕಪ್ಪಿನ ಭವಿಷ್ಯ ಬರೆಯುವವರು. ಹನ್ನೊಂದು ವರ್ಷ ಬರೆದಿದ್ದರು. ಹನ್ನೊಂದೂ ಸುಳ್ಳು. ಅಷ್ಟು ನೇಮದಿಂದ ತಪ್ಪುವುದೂ ಎಲ್ಲರಿಗೂ ಆಗುವ ಮಾತಲ್ಲ ಬಿಡಿ.

ಫಕೀರನ ಅವ್ವ ತಿಪ್ಪವ್ವ. ಕಾಲೇಜು ಹಾಸ್ಟೆಲಿಗೆ ರೊಟ್ಟಿ ಬಡಿದು ಮಗನನ್ನು ಸಾಕಿದವಳು. ಮಗ ಆಳೆತ್ತರ ಬೆಳೆದ, ಬುದ್ಧಿ ತೊಟ್ಟಿಲಲ್ಲೇ ಉಳಿಯಿತು. "ಬಾಗಿಲು ನೋಡ್ಕೊಳ್ಳೋ" ಎಂದರೆ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದ. ಬೆಕ್ಕು ಕಿಟಕಿಯಿಂದ ಬಂದು ಹಾಲು ಕುಡಿದು ಹೋಗುತ್ತಿತ್ತು. ತಿಪ್ಪವ್ವನ ಕಣ್ಣು ಮಂಜಾಗುತ್ತಾ ಬಂದಿತ್ತು. ನಾನು ಹೋದ ಮೇಲೆ ಇವನಿಗೆ ಎರಡು ರೊಟ್ಟಿ ಕೊಡುವವರು ಯಾರು? ಅದೊಂದೇ ಚಿಂತೆ ಅವಳಿಗೆ.

ಮೈದಾನದ ಆಳಿನ ಕೆಲಸ ಖಾಲಿ ಇತ್ತು. ಇರಲಿಕ್ಕೊಂದು ಖೋಲಿ, ಎರಡು ಹೊತ್ತು ಹಾಸ್ಟೆಲಿನ ಊಟ. ತಿಪ್ಪವ್ವ ಮಗನನ್ನು ಕರೆದುಕೊಂಡು ಮಾಸ್ತರ ಬಾಗಿಲಿಗೆ ಹೋಗಿ ಸೆರಗೊಡ್ಡಿದಳು.

ಮಾಸ್ತರು ಅಂದರು, "ನೋಡು ತಿಪ್ಪವ್ವ, ಈ ಸಲ ಫೈನಲ್ ನಮ್ಮೂರಾಗ ಐತಿ. ಬೆಟ್ಟದ ಕಾಲೇಜು, ಕೋಟೆ ಕಾಲೇಜು, ಎರಡ ತಂಡ ಉಳದಾವ. ನನ್ನ ಮೊಣಕಾಲು ಹಿಡದಾವ, ದಿನಾ ಅವರ ಅಭ್ಯಾಸ ನೋಡಾಕ ಹೋಗಾಕ ಆಗಂಗಿಲ್ಲ. ನಿನ್ನ ಮಗ ಹೋಗಿ ನೋಡಿ ಬಂದು ಹೇಳಲಿ. ನಾ ಬರದದ್ದು ಖರೇ ಆದ್ರ ಕೆಲಸ ಅವಂಗ."

"ಏನ್ ನೋಡ್ಲಿರಿ ಮಾಸ್ತರ?" ಎಂದ ಫಕೀರ.

"ಕಾಲು ನೋಡೋ! ಫುಟ್‌ಬಾಲ್‌ನಾಗ ಎಲ್ಲಾ ಕಾಲಾಗs ಇರೋದು!"

ಫಕೀರ ಹೋದ. ಬೆಟ್ಟದ ಹುಡುಗರು ಅಭ್ಯಾಸ ಮಾಡುತ್ತಿದ್ದರು. ನೆಲದ ಮೇಲೆ ಬೋರಲು ಮಲಗಿ ಕಾಲು ನೋಡಿದ. ಸಂಜೆವರೆಗೂ ನೋಡಿದ. ಬಂದ.

"ಏನ್ ನೋಡಿದಿ?"

"ಇಪ್ಪತ್ತೆರಡು ಕಾಲು ಅದಾವ್ರಿ. ಒಂದಕ್ಕ ಗಜಕರ್ಣ ಆಗೇತಿ. ಎರಡಕ್ಕ ಉಗುರು ತಗದಿಲ್ಲ."

"ಗೋಲು ಯಾರು ಹೊಡದ್ರೋ?"

"ಮುಖ ನೋಡು ಅಂತ ನೀವೆಲ್ಲಿ ಹೇಳಿದ್ರಿ?"

ಮಾಸ್ತರು ತಲೆ ಚಚ್ಚಿಕೊಂಡರು. "ಏ ಮಂಗ್ಯಾ! ಕಾಲು ಬಿಡು, ಚೆಂಡು ನೋಡು! ಚೆಂಡು ಎಲ್ಲಿ ಹೋಗ್ತೈತೋ ಅಲ್ಲಿ ನೀ ಇರಬೇಕು!"

"ಹೂಂನ್ರಿ, ಇರ್ತೀನ್ರಿ!"

ಮರುದಿನ ಕೋಟೆ ಹುಡುಗರ ಅಭ್ಯಾಸ. ಚೆಂಡು ಎಡಕ್ಕೆ ಹೋಯಿತು, ಫಕೀರ ಎಡಕ್ಕೆ. ಚೆಂಡು ಬಲಕ್ಕೆ ಹೋಯಿತು, ಫಕೀರ ಬಲಕ್ಕೆ. ಕಡೆಗೊಬ್ಬ ಹುಡುಗ ಸಿಟ್ಟಿಗೆದ್ದು ಜೋರಾಗಿ ಒದ್ದ. ಚೆಂಡು ಗೋಡೆ ಹಾರಿತು, ಫಕೀರನೂ ಹಾರಿದ. ಗೋಡೆಯಾಚೆ ಗೌರಕ್ಕ ನೂರಿಪ್ಪತ್ತು ಹಪ್ಪಳ ಒಣಗಿಸಿದ್ದಳು. ಚೆಂಡು ಒಂದು ಹಪ್ಪಳದ ಮೇಲೆ ಬಿತ್ತು. ಫಕೀರ ಉಳಿದವುಗಳ ಮೇಲೆ ಬಿದ್ದ. ಬಿದ್ದವನು ಚೆಂಡಿನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ. ಗೌರಕ್ಕ ಕಸಬರಿಗೆ ತಂದು ಬಡಿದರೂ ಏಳಲಿಲ್ಲ.

"ಚೆಂಡು ಎದ್ರ ಏಳ್ತೀನಿ ಬಿಡಬೇ, ಮಾಸ್ತರ ಹೇಳ್ಯಾರ!"

ಆ ರಾತ್ರಿ ಗೌರಕ್ಕನಿಗೆ ಹಪ್ಪಳ ಲಟ್ಟಿಸಿ ಕೊಟ್ಟವಳು ತಿಪ್ಪವ್ವ. ಲಟ್ಟಿಸುತ್ತಾ ಬೈದಳು, "ನನ್ನ ಹೊಟ್ಟಿ ಉರಿಸಾಕ ಹುಟ್ಟಿಯಲ್ಲೋ! ಇನ್ನ ಮುಂದ ಓಡಬ್ಯಾಡ. ಕುಂತಲ್ಲೇ ಕುಂದ್ರು. ಕಂಡದ್ದನ್ನ ಕುಂತಲ್ಲಿಂದs ಗಟ್ಟ್ಯಾಗಿ ಒದರು, ಮಾಸ್ತರು ಕೇಳಿಸ್ಕೋತಾರ!"

"ಹೂಂನವ್ವ, ಒದರ್ತೀನಿ!"

ಮಾಸ್ತರಿಗೆ ಸುದ್ದಿ ಸಿಗಲಿಲ್ಲ. ಸುದ್ದಿ ಸಿಗದ ಜಾಣರು ಕಡೆಗೆ ಎಲ್ಲಿಗೆ ಹೋಗುತ್ತಾರೆ? ಗುಡಿಗೆ. ನಮ್ಮ ಕಡೆ ದುರ್ಗವ್ವನಿಗೆ ಹೂ ಕೇಳುವುದುಂಟು. ದೇವಿಯ ಎರಡೂ ಭುಜಕ್ಕೆ ಹೂ ಅಂಟಿಸಿ ಮನಸಿನ ಮಾತು ಕೇಳಿದರೆ, ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಮಾಸ್ತರು ಬೆಟ್ಟದ ಕಾಲೇಜೇ ಗೆಲ್ಲುತ್ತದೆಂದು ಆಗಲೇ ಬರೆದು ಪತ್ರಿಕೆಗೆ ಕೊಟ್ಟಾಗಿತ್ತು. ದೇವಿ ಹೌದೆಂದು ರುಜು ಹಾಕುವುದಷ್ಟೇ ಬಾಕಿ. ಊರ ಜಾಣರೆಲ್ಲ ನೆರೆದರು. ಮಾಸ್ತರು ಕಣ್ಣು ಮುಚ್ಚಿ ಕೈ ಮುಗಿದರು. ಅವ್ವ ಹೇಳಿದಂತೆ ಫಕೀರ ಒಂದು ಮೂಲೆಯಲ್ಲಿ ಕುಂತಿದ್ದ.

ಒಂದು ಹೂ ಬಿತ್ತು.

ಕುಂತಲ್ಲಿಂದಲೇ ಫಕೀರ ಗಟ್ಟಿಯಾಗಿ ಒದರಿದ, "ಎಡಕ್ಕ ಬಿತ್ರೀ ಮಾಸ್ತರ! ಎಡಕ್ಕs ಬಿತ್ತು!"

ಮೋನಪ್ಪ ಗಹಗಹಿಸಿ ನಕ್ಕ. ಅವನದು ಕೋಟೆ ಕಾಲೇಜಿನ ಭವಿಷ್ಯ. ಮಾಸ್ತರು ಫಕೀರನ ಕಿವಿ ಹಿಂಡಿ ಕಂಬದ ಮರೆಗೆ ಎಳೆದುಕೊಂಡು ಹೋದರು.

"ಏ ದಡ್ಡಾ! ಎಡಕ್ಕ ಬಿದ್ರ ಒದರಬಾರದೋ! ಬಾಯಿ ಮುಚ್ಚಿ ಎತ್ತಬೇಕು. ಮೊದಲಿದ್ದ ಜಾಗಾದಾಗ ಇಡಬೇಕು. ಮತ್ತ ಕೇಳಬೇಕು. ಬಲಕ್ಕ ಬೀಳೋತನಕ ಬಿಡಬಾರದು. ತಿಳೀತೇನು?"

"ತಿಳೀತ್ರಿ!"

ಆರು ಸಲ ಕೇಳಿದರು. ಆರೂ ಸಲ ಎಡಕ್ಕೇ. ಏಳನೆಯ ಸಲ ಹೂ ಬಲಕ್ಕೆ ಬಿತ್ತು. ದುರ್ಗವ್ವನಿಗೂ ನೈವೇದ್ಯದ ಹೊತ್ತು ಮೀರುತ್ತಿತ್ತು, ಪಾಪ. "ನೋಡ್ರಿ, ದೇವಿ ಬಾಯಿಂದ ಬಂತು!" ಎಂದು ಮಾಸ್ತರು ಕುಂಕುಮ ಹಚ್ಚಿಕೊಂಡು ಹೊರಬಂದರು.

ಭಾನುವಾರ ಫೈನಲ್. ಗೋಲಿನ ಬಲೆ ಹರಿದು ಮೂರು ವರ್ಷವಾಗಿತ್ತು. ಹೊಲಿಸಲು ಕಮಿಟಿಗೆ ಬಿಡುವೆಲ್ಲಿ, ಭವಿಷ್ಯದ ಕೆಲಸ ಇರುವಾಗ? ಹೊರಗೆ ಹೋದ ಚೆಂಡು ಹಿಡಿದುಕೊಡಲು ಗೋಲಿನ ಹಿಂದೆ ಫಕೀರನನ್ನು ನಿಲ್ಲಿಸಿದರು. ತಿಪ್ಪವ್ವ ಬೇಲಿಯ ಬುಡದಲ್ಲಿ ಕೂತು, ಮಂಜುಗಣ್ಣಿನಲ್ಲಿ ಏನೂ ಕಾಣದೆ, ಪಕ್ಕದವರನ್ನು ಕೇಳುತ್ತಿದ್ದಳು, "ಏನಾತ್ರಿ? ಬೆಟ್ಟದವರು ಗೆದ್ರೇನ್ರಿ? ನನ್ನ ಮಗಗ ಕೆಲಸ ಆತೇನ್ರಿ?"

ಒಂದಕ್ಕೊಂದು ಗೋಲು, ಸಮ ಸಮ. ಇನ್ನೆರಡು ನಿಮಿಷ ಉಳಿದಿತ್ತು. ಬೆಟ್ಟದವರಿಗೆ ಪೆನಾಲ್ಟಿ ಸಿಕ್ಕಿತು! ಮಾಸ್ತರು ಮೊಣಕಾಲು ಮರೆತು ಎದ್ದು ನಿಂತರು. ಹುಡುಗ ಓಡಿ ಬಂದು ಒದ್ದ. ಗೋಲು ಕಾಯುವವನು ಒಂದು ಕಡೆ ಹಾರಿದ, ಚೆಂಡು ಇನ್ನೊಂದು ಕಡೆ ಹೊರಟಿತು. ಅದು ಗೋಲೇ, ಸಂಶಯವೇ ಬೇಡ.

ಆದರೆ ಚೆಂಡು ಬರುತ್ತಿದ್ದದ್ದು ಫಕೀರನ ಎಡಕ್ಕೆ.

ಬಾಯಿ ಮುಚ್ಚಿದ. ಹರಿದ ಬಲೆಯೊಳಗಿಂದ ಒಂದೇ ನೆಗೆತಕ್ಕೆ ಕಂಬಗಳ ನಡುವೆ ಬಂದ. ಗೆರೆ ಇನ್ನೊಂದು ಗೇಣು ಇರುವಾಗ ಚೆಂಡು ಹಿಡಿದ. ಮೆಲ್ಲಗೆ ನಡೆದು ಹೋಗಿ ಮೊದಲಿದ್ದ ಜಾಗದಲ್ಲೇ ಇಟ್ಟ. ಒದ್ದ ಹುಡುಗನ ಮುಂದೆ ಕೈ ಮುಗಿದು ಅಂದ, "ಮತ್ತೊಮ್ಮೆ ಕೇಳ್ರಿ."

ರೆಫರಿ ಪುಸ್ತಕ ತಿರುವಿ ನೋಡಿದ. ಹೊರಗಿನವನು ಚೆಂಡು ತಡೆದರೆ ಮತ್ತೆ ಒದೆಯಬೇಕು, ಹಾಗೆಂದು ನಿಯಮ. ಫಕೀರ ಗೋಲಿನ ಹಿಂದಕ್ಕೆ ಹೋಗಿ ನಿಂತ. ಹುಡುಗ ಅವನ ಮೇಲೇ ಕಣ್ಣಿಟ್ಟು ಓಡಿ ಬಂದ. ಒದ್ದ. ಚೆಂಡು ಫಕೀರನ ಬಲಕ್ಕೆ ಬಂತು, ಕಂಬ ದಾಟಿ ಇನ್ನೂ ಬಲಕ್ಕೆ ಹೋಯಿತು, ಗೌರಕ್ಕನ ಹೊಸ ಹಪ್ಪಳದ ಮೇಲೆ ಬಿತ್ತು.

"ಬಲಕ್ಕ ಬಿತ್ರೀ ಮಾಸ್ತರ!" ಎಂದು ಫಕೀರ ಕುಣಿದ.

ಅಷ್ಟರಲ್ಲಿ ಕೋಟೆಯವರು ಆ ತುದಿಯಲ್ಲಿ ಗೋಲು ಹೊಡೆದು ಕಪ್ ಎತ್ತಿದರು.

ತಿಪ್ಪವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಆದರೆ ನೀವು ಜಾಣರನ್ನು ಇನ್ನೂ ಸರಿಯಾಗಿ ಅರಿತಿಲ್ಲ. ಮರುದಿನ ಮಾಸ್ತರು ಮೋನಪ್ಪನ ಅಂಗಡಿಯಲ್ಲಿ ಎದೆ ತಟ್ಟಿ ಹೇಳಿದರು, "ನನ್ನ ಭವಿಷ್ಯ ತಪ್ಪಿಲ್ಲ! ಮೊದಲನೇ ಒದೆ ಗೋಲಾಗಿತ್ತು, ಇಡೀ ಊರು ನೋಡೇತಿ. ತಡದಾಂವ ಫಕೀರ. ನಾ ಬರದದ್ದು ಖರೇ, ತಪ್ಪಿದ್ದು ಕಪ್ಪು!" ನೋಡಿದ್ದು ಊರೆಲ್ಲ, ಆದರೆ ಆ ಚೆಂಡನ್ನು ಕೈಯಲ್ಲಿ ಹಿಡಿದ ಸಾಕ್ಷಿ ಫಕೀರನೊಬ್ಬನೇ. ಸಾಕ್ಷಿಯನ್ನು ಯಾರಾದರೂ ಓಡಿಸುತ್ತಾರೆಯೇ? ಕರೆದು ಕೆಲಸ ಕೊಟ್ಟರು. ತಿಪ್ಪವ್ವ ದುರ್ಗವ್ವನಿಗೆ ಕಾಯಿ ಒಡೆಸಿ ಬಂದಳು.

ಕೆಲಸದ ಮೊದಲ ದಿನ. ಮಾಸ್ತರು ತೂತು ಮಾಡಿದ ಡಬ್ಬಿಗೆ ಸುಣ್ಣದ ಪುಡಿ ತುಂಬಿ ಕೊಟ್ಟರು. "ಮೈದಾನಕ್ಕ ಗೆರಿ ಹಾಕು. ನೆಟ್ಟಗ ಹೋಗು. ನಾ ಸಾಕು ಅನ್ನೋತನಕ ನಿಲ್ಲಬ್ಯಾಡ."

"ಹೂಂನ್ರಿ!"

ಫಕೀರ ಹೊರಟ. ಆಗಲೇ ಬೇಲಿಯಾಚೆಯಿಂದ ಮೋನಪ್ಪ ಕೂಗಿದ, "ಮಾಸ್ತರ, ಬರೋ ವರ್ಷದ ಕಪ್ಪೂ ಕೋಟೆಯವರದs!"

"ಯಾವ ಬಾಯಿಂದ ಹೇಳ್ತೀಯೋ ಅದನ್ನ!" ಎಂದು ಮಾಸ್ತರು ತಿರುಗಿ ಕೂತರು.

ಗೆರೆ ಮೈದಾನ ದಾಟಿತು. ಗೇಟು ದಾಟಿತು. ಸಂತೆಪೇಟೆಯ ನಡುವೆ ಹಾಯ್ದು, ಮಲಗಿದ್ದ ಎಮ್ಮೆಯ ಬೆನ್ನು ಹತ್ತಿ ಇಳಿದು, ತಿಪ್ಪವ್ವನ ಹೊಸ್ತಿಲು ದಾಟಿ ಒಲೆಯ ಮುಂದೆ ಬಂತು. ಅಲ್ಲಿಗೆ ಸುಣ್ಣ ಮುಗಿಯಿತು. ಫಕೀರ ಅವ್ವನ ಬುಟ್ಟಿಯಿಂದ ಜೋಳದ ಹಿಟ್ಟು ತುಂಬಿಕೊಂಡ.

"ಸಾಕೋ! ಸಾಕು ನನ್ನಪ್ಪಾ, ನಿಲ್ಲೋ!"

"ನೀ ಅಂದ್ರ ನಡಿಯಂಗಿಲ್ಲವ್ವ. ಮಾಸ್ತರ ಅನ್ನಬೇಕು." ಹಿತ್ತಲ ಬಾಗಿಲಿಂದ ಹೊರಬಿದ್ದು ಹೊರಟೇಬಿಟ್ಟ.

ತಿಪ್ಪವ್ವ ಎದ್ದು ಬಿದ್ದು ಮೈದಾನಕ್ಕೆ ಓಡಿದಳು. ಅಲ್ಲಿ ಊರ ಜಾಣರೆಲ್ಲ ಸೇರಿ ಮಾತು ತಾರಕಕ್ಕೇರಿತ್ತು. "ಮಾಸ್ತರ, ಮಗ ಊರು ಬಿಟ್ಟು ಹೊಂಟಾನ್ರೀ! ಒಂದ ಸಲ ಬಂದು ಸಾಕು ಅನ್ರಿ!"

"ತಡಿಯಬೇ ತಿಪ್ಪವ್ವ," ಎಂದರು ಮಾಸ್ತರು, ತಿರುಗಿಯೂ ನೋಡದೆ. "ಮೊದಲ ಬರೋ ವರ್ಷದ್ದು ತೀರ್ಮಾನ ಆಗಲಿ."

ಆ ತೀರ್ಮಾನ ಇನ್ನೂ ಆಗಿಲ್ಲವಂತೆ. ಆದ್ದರಿಂದ ಒಂದು ಬೆಳಗ್ಗೆ ನಿಮ್ಮ ಬಾಗಿಲ ಮುಂದೆ ಬೆಳ್ಳನೆಯ ಗೆರೆ ಹಾದುಹೋಗುತ್ತಿದ್ದರೆ ರಂಗೋಲಿ ಅಂದುಕೊಳ್ಳಬೇಡಿ. ಅವನನ್ನು ನಿಲ್ಲಿಸಲು ಹೋಗಬೇಡಿ, ನಿಮ್ಮ ಮಾತಿಗೆ ನಿಲ್ಲುವವನಲ್ಲ. ಡಬ್ಬಿಗೆ ಒಂದಿಷ್ಟು ಹಿಟ್ಟು ಹಾಕಿ, ಕೈಗೆ ಎರಡು ರೊಟ್ಟಿ ಕೊಟ್ಟು ಕಳಿಸಿ. ಅವರವ್ವ ಬೇರೇನನ್ನೂ ಕೇಳಿದವಳಲ್ಲ.