ಮುರಿಗೆಪ್ಪನ ಭಟ್ಟಿಯಲ್ಲಿ ಹಾಲೇಶಿಯ ಉಳಿತಾಯ

ನಗು ಬಂದೋರು ನಗಿ, ಸಿಟ್ಟು ಬಂದೋರು ಸಿಟ್ಟಾಗಿ, ಹೇಳೋದಷ್ಟೇ ನನ್ನ ಪಾಲು. ದಾವಣಗೆರೆ ಕಡೆ ಒಂದೂರಲ್ಲಿ ದುಗ್ಗವ್ವ ಅಂತ ಒಬ್ಬಳಿದ್ದಳು. ಅವಳಿಗೆ ಹಾಲೇಶಿ ಅಂತ ಒಬ್ಬನೇ ಮಗ. ಎತ್ತರ ನೋಡಿದರೆ ಬಾಗಿಲಿಗೆ ತಲೆ ತಾಗೋನು, ತೋಳು ನೋಡಿದರೆ ಒನಕೆ. ಬುದ್ಧಿ ಮಾತ್ರ ಹೇಳಿದಷ್ಟೇ. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಡಿಮೆ ಇಲ್ಲ.

"ಅಯ್ಯೋ ನನ್ನ ಕರ್ಮವೇ! ಮಳೆ ಬಂದರೆ ಒಳಗೆ ಬಾ ಅಂದರೆ, ಮಳೆ ಬರೋವರೆಗೂ ಅಂಗಳದಲ್ಲೇ ನಿಂತಿದ್ದೀಯಲ್ಲೋ!" ಅಂತ ಹಣೆ ಹಣೆ ಚಚ್ಚಿಕೊಳ್ಳೋಳು ದುಗ್ಗವ್ವ.

ಅವಳು ಮುರಿಗೆಪ್ಪ ಸಾಹುಕಾರನ ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಹಿಡಿಯೋಳು. ಬಿಸಿ ಮರಳಿನಿಂದ ಮಂಡಕ್ಕಿ ಸೋಸಿ ಸೋಸಿ ರಟ್ಟೆ ಬಿದ್ದು ಹೋಗಿತ್ತು. ಮಗನೂ ನಾಕು ಕಾಸು ದುಡಿದರೆ ತಾನೊಂದಿಷ್ಟು ಉಸಿರಾಡಬಹುದು ಅಂತ, ಸಾಹುಕಾರನಿಗೆ ಕೈ ಮುಗಿದು ಅವನನ್ನೂ ಅಲ್ಲಿಗೇ ಸೇರಿಸಿದಳು.

ಮುರಿಗೆಪ್ಪ ಆಗತಾನೇ ಯಾವುದೋ ವ್ಯಾಪಾರಸ್ಥರ ಸಭೆಗೆ ಹೋಗಿ ಬಂದಿದ್ದ. ಅಲ್ಲಿ ಕೋಟು ಹಾಕಿದ ಯಾರೋ ಒಬ್ಬ ಮಿತವ್ಯಯದ ಮೇಲೆ ಭಾಷಣ ಬಿಗಿದಿದ್ದನಂತೆ. ಇವನೂ ಬಂದವನೇ "ಪೋಲು ಬೇಡ, ಕೆಲಸ ಬೇಗ" ಅಂತ ಗೋಡೆ ಮೇಲೆ ಬರೆಸಿದ. ಭಟ್ಟಿ ಕೆಲಸದ ಹೆಂಗಸರನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿ ಅದೇ ಭಾಷಣ ತಾನೂ ಬಿಗಿದ. ಭಾಷಣ ಮುಗಿಯೋವರೆಗೂ ಅವನ ಕಾರು ಹೊರಗೆ ಚಾಲೂ ಆಗೇ ನಿಂತಿತ್ತು, ಹತ್ತಿದಾಗ ಒಳಗೆ ತಣ್ಣಗಿರಲಿ ಅಂತ! ದುಗ್ಗವ್ವ ನೋಡಿದಳು. ಸೆರಗಿಂದ ಬೆವರು ಒರೆಸಿಕೊಂಡು ಜರಡಿ ಹಿಡಿದಳು.

"ಏ ಹಾಲೇಶಿ," ಅಂದ ಸಾಹುಕಾರ, "ಬೆಂಕಿ ಸುಮ್ಮನೆ ಉರೀಬಾರದು. ಒಲೆ ಮುಂದೆ ಯಾರೂ ಇಲ್ಲ ಅಂದರೆ ಆರಿಸು!"

"ಆಗ್ಲಿ ಸಾವ್ಕಾರ್ರೇ!"

ಮಂಡಕ್ಕಿ ಹುರಿಯೋ ನಜೀರಣ್ಣ ಬೆವರು ಒರೆಸಿಕೊಳ್ಳೋಕೆ ಅಂತ ಆ ಕಡೆ ಸರಿದ. ಒಲೆ ಮುಂದೆ ಯಾರೂ ಇಲ್ಲ! ಹಾಲೇಶಿ ಒಂದು ಕೊಡ ನೀರು ತಂದ, ಸುರಿದ. ಚೊಂಯ್! ಭಟ್ಟಿ ತುಂಬ ಬೂದಿ. ಬಾಣಲೆಯಲ್ಲಿ ಅರಳಿದ್ದು ಅರ್ಧ, ಅರಳದ್ದು ಅರ್ಧ.

"ಏ ಗೂಬೆ!" ಸಾಹುಕಾರ ಕುಣಿದಾಡಿದ. "ಉರಿಯೋ ಒಲೆಗೆ ನೀರು ಸುರೀತಾರೇನೋ? ಬೂದಿ ಮುಚ್ಚಬೇಕು! ಹೊಗೆ ಎದ್ದಲ್ಲಿ ಬೂದಿ ಹಾಕು!"

"ಹೊಗೆ ಎದ್ದಲ್ಲಿ ಬೂದಿ. ಆಗ್ಲಿ ಸಾವ್ಕಾರ್ರೇ!"

ಮರುದಿನ ಬೆಳಿಗ್ಗೆ ಹೆಂಗಸರಿಗೆ ಅಂತ ಚಾ ಬಂತು. ದೊಡ್ಡ ಪಾತ್ರೆ, ಮೇಲೆ ಹಬೆ. ಹಾಲೇಶಿ ನೋಡಿದ. ಹೊಗೆ! ಓಡಿದ, ಮೊರ ತುಂಬ ಬೂದಿ ತಂದ, ಸುರಿದೇಬಿಟ್ಟ.

"ಆರಿತು ಸಾವ್ಕಾರ್ರೇ!"

ಹೆಂಗಸರು ಹೋ ಅಂತ ಎದ್ದರು. ಸಾಹುಕಾರ ಬಂದು ಪಾತ್ರೆಯೊಳಗೆ ಇಣುಕಿದ. ಬೈಯಲಿಲ್ಲ. ಮೀಸೆಯಲ್ಲೇ ನಕ್ಕ.

"ನಡೀರಿ, ನಡೀರಿ, ಕೆಲಸಕ್ಕೆ ನಡೀರಿ! ಚಾ ಇಲ್ಲದಿದ್ದರೂ ಜರಡಿ ಆಡುತ್ತೆ. ಇನ್ಮೇಲೆ ಚಾ ಬಂದ್! ಇದು ನೋಡು ಉಳಿತಾಯ ಅಂದರೆ!"

ಅವನ ಕೋಣೆಗೆ ಮಾತ್ರ ಹಾಲಿನ ಕಾಫಿ ಹೋಯಿತು.

ದುಗ್ಗವ್ವನ ಮೈ ಉರಿದುಹೋಯಿತು. ಹೊತ್ತು ಮೂಡೋಕೆ ಮುಂಚೆ ಬಂದು ಬೆಂಕಿ ಮುಂದೆ ನಿಂತರೆ, ಕೂರೋಕೆ ಸಿಗ್ತಿದ್ದದ್ದು ಆ ಒಂದು ಲೋಟ ಚಾ ಕುಡಿಯೋ ಹೊತ್ತು. ಅದಕ್ಕೂ ಕಲ್ಲು ಬಿತ್ತಲ್ಲ!

"ನೀನು ಹಾಕಿದ್ದು ಬೂದಿ, ಅವನು ಹಾಕಿದ್ದು ಮಣ್ಣು!" ಅಂತ ಮನೇಲಿ ಮಗನ ಬೆನ್ನಿಗೊಂದು ಕೊಟ್ಟಳು. "ಬಾಯಿಗಿಡೋದನ್ನ ಕೆಡಿಸಬಾರದು ಕಣೋ! ಬಿಸಿ ಇದ್ದಾಗಲೇ ಕರೆದು ಕರೆದು ಹಂಚಬೇಕು!"

"ಕರೆದು ಕರೆದು ಹಂಚಬೇಕು. ಆಗ್ಲಿ ಅವ್ವ!"

ಬೆಳಗಾಯಿತು. ಬಾಣಲೆಯಿಂದ ಬಿಸಿಬಿಸಿ ಮಂಡಕ್ಕಿ ಇಳೀತು. ಹಾಲೇಶಿ ಚೀಲಕ್ಕೆ ಚೀಲವನ್ನೇ ಹೊತ್ತು ರಸ್ತೆಗೆ ಬಂದ.

"ಬರ್ರೀ, ಬರ್ರೀ! ಬಿಸಿ ಐತೆ, ಬರ್ರೀ!"

ಇಸ್ಕೂಲ್ ಹುಡುಗರು ಬಂದರು, ಆಟೋದವರು ಬಂದರು. ಬಸ್ಸೊಂದು ನಿಂತೇ ಬಿಟ್ಟಿತು. ಸಾಹುಕಾರ ಬರೋ ಹೊತ್ತಿಗೆ ಚೀಲ ಕೊಡವಿದರೂ ಕಾಳಿಲ್ಲ.

"ನಿಮ್ಮಪ್ಪನ ಮನೇದೇನೋ? ಒಂದು ಕಾಳು ಹೊರಗೆ ಹೋಗಕೂಡದು! ಗೇಟ್ ಹಾಕು, ಕಾಯ್ತಾ ನಿಲ್ಲು! ಯಾರು ಹೇಳಿದರೂ ತೆಗೀಬೇಡ!"

"ಯಾರು ಹೇಳಿದರೂ?"

"ಯಾರು ಹೇಳಿದರೂ!"

ಹಾಲೇಶಿ ಗೇಟ್ ಹಾಕಿದ. ಬೆನ್ನು ಕೊಟ್ಟು ನಿಂತ.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಹುರಿದು, ಹುಬ್ಬಳ್ಳಿ ವ್ಯಾಪಾರಿಗೆ ಹೋಗಬೇಕಾದ ಲಾರಿ ತುಂಬಿದರು. ಡ್ರೈವರ್ ಹಾರ್ನ್ ಹೊಡೆದ. ಗೇಟ್ ತೆರೀಲಿಲ್ಲ. ಸಾಹುಕಾರನೇ ಓಡಿ ಬಂದ.

"ತೆಗಿಯೋ!"

"ಕಾಳು ಹೊರಗೆ ಹೋಗಕೂಡದು."

"ನಾನೇ ಹೇಳ್ತಿದೀನಲ್ಲೋ!"

"ಯಾರು ಹೇಳಿದರೂ ಅಂದೀರಿ. ನೀವೂ ಹೊರಗೆ ಹೋಗಂಗಿಲ್ಲ. ಮೀಸೇಲಿ ಒಂದು ಕಾಳೈತೆ!"

ಡ್ರೈವರ್ ಎಳೆದ, ಕ್ಲೀನರ್ ಎಳೆದ, ಹಾಲೇಶಿ ಅಲುಗಾಡಲಿಲ್ಲ. ಹುಬ್ಬಳ್ಳಿಯಿಂದ ಫೋನ್ ಬಂತು: "ಸಂಜೆಯೊಳಗೆ ಮಾಲು ಬರಲಿಲ್ಲ ಅಂದರೆ ಬೇರೆ ಭಟ್ಟಿ ನೋಡ್ತೀವ್ರೀ!" ಸಾಹುಕಾರನ ಮುಖ ಬಿಳುಚಿತು. ಜರಡಿ ಕಡೆ ಓಡಿದ.

"ಏ ದುಗ್ಗವ್ವ! ನಿನ್ನ ಮಗನಿಗೆ ಹೇಳೇ!"

ದುಗ್ಗವ್ವ ಜರಡಿ ಕೆಳಗಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಚಾ ಇಲ್ಲದೆ ಗಂಟಲು ಒಣಗೈತೆ ಸಾವ್ಕಾರ್ರೇ. ಮಾತು ಹೊರಡಲ್ಲ."

"ಇದೇನು ಸಮಯಾನೇ?"

"ಮತ್ಯಾವುದು ಸಮಯ? ನಿಮ್ಮ ಕಾರು ನಿಂತಲ್ಲೇ ಪೆಟ್ರೋಲ್ ಕುಡಿದರೆ ಪೋಲಲ್ಲ, ನಾವು ಕೂತು ಒಂದು ಲೋಟ ಕುಡಿದರೆ ಪೋಲಾ? ಮೊದಲು ಚಾ ತರಿಸ್ರಿ. ಎಲ್ಲರಿಗೂ!"

ಉಳಿದ ಹೆಂಗಸರೂ ಜರಡಿ ಕೆಳಗಿಟ್ಟರು. ಸಾಹುಕಾರ ಹಲ್ಲು ಕಡಿದ, ಲಾರಿ ಕಡೆ ನೋಡಿದ, ಗೇಟಿನ ಮೇಲಿಂದಲೇ ಚಾ ತರಿಸಿದ. ಹೆಂಗಸರು ಕೂತರು, ಊದಿ ಊದಿ ಕುಡಿದರು. ನಜೀರಣ್ಣ ಎರಡನೇ ಲೋಟ ಕೇಳಿದ. ಸಾಹುಕಾರ ಅಲ್ಲೇ ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತುತ್ತಿದ್ದ.

"ನಾಳೆ?" ಅಂದಳು ದುಗ್ಗವ್ವ.

"ನಾಳೆನೂ ಕೊಡ್ತೀನಿ! ದಿನಾ ಕೊಡ್ತೀನಿ! ಎಲ್ಲರೆದುರಿಗೇ ಹೇಳ್ತೀನಿ, ಏಳೇ ತಾಯಿ!"

ದುಗ್ಗವ್ವ ಬಾಯಿ ಒರೆಸಿಕೊಂಡು ಗೇಟಿನ ಹತ್ತಿರ ಬಂದಳು. "ಸಾಕು ಮಗನೇ. ಗೇಟ್ ತೆಗಿ."

"ಯಾರು ಹೇಳಿದರೂ ಅಂದಿದ್ರು," ಹಾಲೇಶಿ ತಲೆ ಕೆರೆದುಕೊಂಡ. "ನೀನು ಯಾರೋ ಅಲ್ಲ, ನಮ್ಮವ್ವ. ಆಗ್ಲಿ ಅವ್ವ!"

ತಿರುಗಿದ, ಬಗ್ಗಿದ, ಆ ಉದ್ದನೆ ತಗಡಿನ ಗೇಟನ್ನ ಕೀಲಿನಿಂದ ಕಿತ್ತು ಎತ್ತಿದ! ಅಡ್ಡಕ್ಕೆ ತಲೆ ಮೇಲೆ ಹೊತ್ತ. ರಸ್ತೆ ಹಿಡಿದ. ರಸ್ತೆಯ ಆ ಅಂಚಿಂದ ಈ ಅಂಚಿಗೆ ಗೇಟು. ಹಿಂದೆ ಲಾರಿ, ಲಾರಿ ಹಿಂದೆ ಸಾಹುಕಾರನ ಕಾರು. ಪೀಂ ಪೀಂ ಅಂತ ಎರಡೂ ಬಡ್ಕೊಂಡವು.

"ಇಳಿಸೋ! ಇಳಿಸೋ ಪೆದ್ದ ನನ್ಮಗನೇ!" ಸಾಹುಕಾರ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ.

ಹಾಲೇಶಿ ನಡೆಯುತ್ತಲೇ ಹೇಳಿದ:

"ಅವ್ವ ತೆಗಿ ಅಂದ್ಲು ಸಾವ್ಕಾರ್ರೇ. ಇಡು ಅಂದಿಲ್ಲ!"