ಶನಿವಾರ ತಟ್ಟಿದ ತಗಡು

ಇಷ್ಟವಾದದ್ದನ್ನು ಬೆರಳಿನಿಂದ ತಟ್ಟಿ "ಮನೆಗೆ ಕಳಿಸಿ" ಅನ್ನುವುದು ಕಲಾಭವನದ ಅಧ್ಯಕ್ಷರ ಅಭ್ಯಾಸ. ದುಡ್ಡಿನ ಮಾತೇ ಇಲ್ಲ. ಆ ಶನಿವಾರ ಕಬ್ಬಿಣದ ತಗಡಿನ ಮೇಲೆ ಬರೆದ ನವ್ಯಚಿತ್ರವೊಂದನ್ನು ತಟ್ಟಿದರು. ಕಲಾವಿದ ನಿಂಗರಾಜನ ಮುಖ ಬಾಡಿತು. ಮಾರಾಟವಾಗುವ ಆಸೆ ಇದ್ದದ್ದು ಅದೊಂದೇ. ಕೊಡಲ್ಲ ಅಂದರೆ ಮುಂದೆ ಅವನಿಗೆ ಭವನದ ಬಾಗಿಲೇ ತೆರೆಯದು.

ಭವನದ ಗುಮಾಸ್ತೆ ಹುಡುಗಿ ಮೆಲ್ಲಗೆ ಅಂದಳು, "ಧಾರಾಳವಾಗಿ ಸರ್. ಇವರಿಗೆ ಸಾಡೇಸಾತಿ. ಶನಿವಾರ ಕಬ್ಬಿಣ ದಾನ ಮಾಡಿ ಅಂದಿದ್ರಂತೆ ಜೋಯಿಸರು. ದಾನ ತಗೊಂಡವರಿಗೆ ದೋಷ ಅಂಟುತ್ತೆ ಅಂತ ಹೆದರಿ ಯಾರೂ ತಗೊಳ್ತಿರಲಿಲ್ಲ. ಜೊತೆಗೆ ಎಳ್ಳೆಣ್ಣೆನೂ ಕಳಿಸ್ಲಾ?"

ತನಗೆ ಸಾಡೇಸಾತಿ ಎಂದು ನಿಂಗರಾಜನಿಗೆ ಗೊತ್ತಾದದ್ದೇ ಆಗ.

ಅಧ್ಯಕ್ಷರು ಬೆರಳನ್ನು ಪಂಚೆಗೆ ಒರೆಸಿಕೊಂಡರು. "ದಾನ ಯಾರು ಕೇಳಿದ್ರು? ನಾನು ಕೊಂಡ್ಕೊಳ್ತಿರೋದು."

ಚೌಕಾಸಿ ಮಾಡದೆ ಪೂರ್ತಿ ಬೆಲೆ ಕೊಟ್ಟರು. ಬಾಗಿಲ ತನಕ ಹೋದವರು ತಿರುಗಿ ಬಂದು ದನಿ ತಗ್ಗಿಸಿದರು.

"ಅಲ್ಲಮ್ಮಾ, ಕೊಂಡದ್ದು ಅಂತ ಶನಿದೇವರಿಗೂ ಗೊತ್ತಾಗೋ ಹಾಗೆ ಒಂದು ರಸೀದಿ ಬರ್ಕೊಡ್ತೀಯಾ?"