ಮುಗಿಯದ ಸೀಸೆ

“ಬುದ್ಧಿ, ದಿನವೂ ನನ್ನನ್ನು ನಾನೇ ಪರೀಕ್ಷಿಸಿಕೊಳ್ಳುತ್ತೇನೆ. ಒಂದು ತಪ್ಪೂ ಸಿಗುವುದಿಲ್ಲ. ಆದರೂ ಕಲಿಯಲು ಬಂದವರು ನನ್ನ ಬಳಿ ನಿಲ್ಲುವುದಿಲ್ಲ. ಏಕೆ?” ಎಂದು ಕೊಟ್ರಯ್ಯ ಗುರುಗಳನ್ನು ಕೇಳಿದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಮಠದ ಪಾಠಶಾಲೆಯನ್ನು ಹನ್ನೆರಡು ವರ್ಷ ನಡೆಸಿದ್ದ. ಆ ವರ್ಷ ಏಳು ಮಂದಿ ಬಿಟ್ಟುಹೋಗಿದ್ದರು. ಉಳಿದಿದ್ದ ಒಬ್ಬನೂ ಗಂಟು ಕಟ್ಟಿಕೊಂಡು, ಮಧ್ಯಾಹ್ನದ ಬಸ್ಸು ಕಾಯುತ್ತ ಹೊರಗಿನ ಜಗುಲಿಯಲ್ಲಿ ಕುಳಿತಿದ್ದ. ಅವನೂ ಹೋದರೆ ಪಾಠಶಾಲೆಗೆ ಬೀಗ.

ಯಾವುದನ್ನು ಮುಂದಿಟ್ಟುಕೊಂಡು ಪರೀಕ್ಷಿಸಿಕೊಳ್ಳುತ್ತೀಯ ಎಂದು ಗುರುಗಳು ಕೇಳಿದರು. ಮೊದಲ ದಿನ ತಾವು ಹೇಳಿದ ಮಾತನ್ನೇ ಎಂದ ಕೊಟ್ರಯ್ಯ. ತಪ್ಪು ಮಾಡಿದವನಿಗೆ ದಯೆ ತೋರಬೇಡ ಎಂದು ಹೇಳಿದ್ದಿರಿ, ಅದರಂತೆಯೇ ನಡೆದಿದ್ದೇನೆ, ಒಂದು ದಿನವೂ ತಪ್ಪಿಲ್ಲ ಎಂದ. ಅದಕ್ಕೆ ಗುರುಗಳು ಒಂದು ಕತೆ ಶುರು ಮಾಡಿದರು.

ಒಬ್ಬ ಹೆಂಗಸು ಮನೆಯ ಹಿತ್ತಲಲ್ಲಿ ಮೆಣಸಿನ ಸಸಿ ಬೆಳೆಸಿ ರೈತರಿಗೆ ಮಾರುತ್ತಿದ್ದಳು. ಅವಳ ಬೋರ್‌ವೆಲ್ಲಿನ ನೀರು ಉಪ್ಪು. ಅದಕ್ಕೆ ತೊಟ್ಟಿಯ ಮಳೆನೀರು ಬೆರೆಸಿ ಸಸಿಗೆ ಹಾಕಬೇಕಿತ್ತು. ಎಷ್ಟು ಬೆರೆಸಬೇಕೆಂದು ತಿಳಿಯಲು ಪೆನ್ನಿನಷ್ಟಿರುವ ಒಂದು ಮೀಟರ್ ತಂದಳು. ನೀರಿಗೆ ಅದ್ದಿದರೆ ಉಪ್ಪಿನಂಶಕ್ಕೆ ತಕ್ಕಂತೆ ಒಂದು ಅಂಕಿ ತೋರಿಸುತ್ತಿತ್ತು. ಅಗ್ಗದ ಮೀಟರ್, ವಾರ ಕಳೆಯುವುದರೊಳಗೆ ಅಂಕಿ ಆಚೀಚೆಯಾಗುತ್ತಿತ್ತು. ಸರಿಪಡಿಸಿಕೊಳ್ಳಲೆಂದೇ ಅದರ ಜೊತೆ ಎರಡು ಸೀಸೆ ನೀರು ಬಂದಿತ್ತು. ಆ ನೀರಿನ ಅಂಕಿ ಸಾವಿರದ ನಾನೂರ ಹದಿಮೂರು ಎಂದು ಸೀಸೆಯ ಮೇಲೇ ಅಚ್ಚಾಗಿತ್ತು. ಮೀಟರ್ ಅದರಲ್ಲಿ ಅಷ್ಟೇ ತೋರಿಸುವಂತೆ ತಿರುಪು ತಿರುಗಿಸಬೇಕು.

ಹೆಂಗಸು ಒಂದು ವಾರವೂ ತಪ್ಪಿಸಲಿಲ್ಲ. ಸೀಸೆಯ ನೀರನ್ನು ಬಟ್ಟಲಿಗೆ ಬಗ್ಗಿಸುವಳು, ಬೋರ್‌ವೆಲ್ ನೀರಿನಿಂದ ತೆಗೆದ ಮೀಟರನ್ನು ಹಾಗೆಯೇ ಅದರಲ್ಲಿ ಅದ್ದುವಳು, ತಿರುಪು ತಿರುಗಿಸುವಳು. ಆಮೇಲೆ ಅಷ್ಟು ಒಳ್ಳೆಯ ನೀರನ್ನು ಚೆಲ್ಲಲು ಮನಸ್ಸು ಬಾರದೆ ಮತ್ತೆ ಸೀಸೆಗೇ ಸುರಿಯುವಳು. ಎರಡು ವರ್ಷವಾದರೂ ಮೊದಲ ಸೀಸೆ ಮುಗಿಯಲಿಲ್ಲ. ಅದೊಂದು ಹೆಮ್ಮೆ ಬೇರೆ ಅವಳಿಗೆ.

ಆ ವರ್ಷ ಸಸಿಗಳ ಎಲೆಯ ತುದಿ ಸುಡತೊಡಗಿತು. ಅವಳು ವಾರಕ್ಕೊಮ್ಮೆ ಮಾಡುತ್ತಿದ್ದುದನ್ನು ದಿನಕ್ಕೆರಡು ಬಾರಿ ಮಾಡಿದಳು. ಮೀಟರ್ ಎಲ್ಲ ಸರಿಯಿದೆ ಎನ್ನುತ್ತಿತ್ತು. ಸಸಿಗಳು ಮಡಿ ಮಡಿಯಾಗಿ ಸತ್ತವು. ಮಣ್ಣನ್ನು ಬೈದಳು, ಬಿಸಿಲನ್ನು ಬೈದಳು, ಬೀಜ ಕೊಟ್ಟವನನ್ನೂ ಬಿಡಲಿಲ್ಲ. ಕೊನೆಗೆ ಬೈಯಲೂ ಕಸುವಿಲ್ಲದೆ ಮಡಿಯ ಬದಿಯಲ್ಲಿ ಕುಳಿತುಬಿಟ್ಟಳು. ಪಾಪ, ಸೋಮಾರಿಯಾಗಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ.

ಸಸಿ ಕೊಳ್ಳಲು ಬಂದ ರೈತನೊಬ್ಬ ಅವಳ ಕಷ್ಟ ಕೇಳಿ, “ಮೀಟರನ್ನು ಯಾವುದರಿಂದ ಸರಿ ನೋಡ್ತೀಯ ತಾಯಿ?” ಎಂದ.

“ಈ ಸೀಸೆಯಿಂದ ಅಣ್ಣ.”

“ಸೀಸೆಯನ್ನು?”

ಅವಳು ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟಳು. ಒಳಗೆ ಹೋಗಿ, ಬೂಚು ತೆಗೆಯದೆ ಇಟ್ಟಿದ್ದ ಎರಡನೆಯ ಸೀಸೆಯನ್ನು ತಂದು ಬಗ್ಗಿಸಿ, ಮೀಟರ್ ತೊಳೆದು ಅದ್ದಿದಳು. ಸಾವಿರದ ನಾನೂರ ಹದಿಮೂರು ತೋರಿಸಬೇಕಾದಲ್ಲಿ ಸಾವಿರದ ನೂರು ತೋರಿಸಿತು. ಯಾವ ಉಪ್ಪನ್ನು ಹಿಡಿಯಲು ಅವಳು ಕಾದಿದ್ದಳೋ ಅದೇ ಉಪ್ಪು ಹನಿಹನಿಯಾಗಿ ಹಳೆಯ ಸೀಸೆಯೊಳಗೆ ಸೇರಿಕೊಂಡಿತ್ತು. ಮೀಟರ್ ಉಪ್ಪು ನೀರನ್ನೇ ಸಿಹಿಯೆಂದು ಕಲಿತಿತ್ತು. ಕಲಿಸಿದವಳು ಅವಳೇ. ಅವಳು ಹಳೆಯ ಸೀಸೆಯನ್ನು ಬಚ್ಚಲಿಗೆ ಸುರಿದಳು. ಆದರೆ ಸತ್ತ ಸಸಿಗಳು ಸತ್ತೇ ಹೋಗಿದ್ದವು.

ಗುರುಗಳು ಕತೆ ನಿಲ್ಲಿಸಿದರು. ಆ ಹೆಂಗಸಿನ ಹತ್ತಿರ ಬೂಚು ತೆಗೆಯದ ಇನ್ನೊಂದು ಸೀಸೆಯಾದರೂ ಇತ್ತು, ನಾನೆಲ್ಲಿಗೆ ಹೋಗಲಿ ಬುದ್ಧಿ ಎಂದ ಕೊಟ್ರಯ್ಯ.

ಗುರುಗಳು ಹೇಳಿದರು: “ಅಂದು ನಾನು ನಿನಗೆ ಹೇಳಿದ್ದು, ತಪ್ಪು ಮಾಡಿದವನ ಪಕ್ಕದಲ್ಲಿ ಕುಳಿತು ತಿದ್ದು ಎಂದು.”

ಕೊಟ್ರಯ್ಯ ಎದ್ದು ಹೊರಗೆ ಬಂದ. ಜಗುಲಿಯಲ್ಲಿ ಬಸ್ಸು ಕಾಯುತ್ತಿದ್ದವನು ಇನ್ನೂ ಅಲ್ಲೇ ಕುಳಿತಿದ್ದ.